ಬೆಳವಣಿಗೆಯ ಅಂಗವೈಕಲ್ಯ: ಮನೆಯಲ್ಲೇ ಬಿಕ್ಕಟ್ಟಿನ ನೆರವು ಮತ್ತು ಆರೈಕೆದಾರರ ತರಬೇತಿ (ಪಶ್ಚಿಮ ಬೆಂಗಳೂರು)

ಬೌದ್ಧಿಕ ಅಂಗವೈಕಲ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ ಮುಂತಾದ ತೊಂದರೆಗಳಿರುವವರಲ್ಲಿ ಕೆಲವರು ಒಮ್ಮೊಮ್ಮೆ ತಲೆ ಚಚ್ಚಿಕೊಳ್ಳುತ್ತಾರೆ, ಕಚ್ಚುತ್ತಾರೆ, ಮನೆ ಬಿಟ್ಟು ಓಡುತ್ತಾರೆ, ರಾತ್ರಿಗಟ್ಟಲೆ ನಿದ್ದೆಗೆಡುತ್ತಾರೆ. ಅಂಥ ಹೊತ್ತಿನಲ್ಲಿ ಅವರನ್ನು ಆಸ್ಪತ್ರೆಗೆ ಸಾಗಿಸದೆ ಇರುವ ಮನೆಯಲ್ಲೇ ಕೊಡುವ ಸಹಾಯ ಬಿಕ್ಕಟ್ಟಿನ ನೆರವು. ಅದು ಮರುಕಳಿಸದಂತೆ ಮನೆಯವರನ್ನು ಅಣಿಗೊಳಿಸುವುದು ಆರೈಕೆದಾರರ ತರಬೇತಿ. ಬೆಂಗಳೂರಿನಲ್ಲಿ ಮೊದಲು ಬೆಳೆದದ್ದು ತರಬೇತಿ. ಕರೆದ ಕೂಡಲೇ ಮನೆಗೆ ಬರುವ ಸಾರ್ವಜನಿಕ ವ್ಯವಸ್ಥೆ ಇನ್ನೂ ರೂಪುಗೊಳ್ಳಬೇಕಾಗಿದೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಯ ಕುಟುಂಬಗಳ ಅನುಭವಕ್ಕೂ ಇದೇ ಹಿನ್ನೆಲೆ.

ಹಿನ್ನೆಲೆ

1912ರ ಭಾರತೀಯ ಹುಚ್ಚರ ಕಾಯ್ದೆ ಬೌದ್ಧಿಕ ಅಂಗವೈಕಲ್ಯವನ್ನೂ ಮಾನಸಿಕ ಕಾಯಿಲೆಯನ್ನೂ ಒಟ್ಟಿಗೆ ಸೇರಿಸಿ ನೋಡುತ್ತಿತ್ತು. ಮನೆಯಲ್ಲಿ ನಿಭಾಯಿಸಲಾಗದವರಿಗೆ ಉಳಿದಿದ್ದ ದಾರಿ ಮಾನಸಿಕ ಆಸ್ಪತ್ರೆಯೊಂದೇ. 1987ರ ಮಾನಸಿಕ ಆರೋಗ್ಯ ಕಾಯ್ದೆ ಎರಡನ್ನೂ ಬೇರ್ಪಡಿಸಿತು. 2017ರ ಕಾಯ್ದೆಯೂ ಅದನ್ನೇ ಮುಂದುವರಿಸಿತು. ಈ ವಿಂಗಡಣೆ ನ್ಯಾಯವಾದದ್ದೇ. ಆದರೆ ಆಸ್ಪತ್ರೆಯ ಬಾಗಿಲಿಗೆ ಬದಲಾಗಿ ಮನೆಯ ಬಳಿ ಏನಿರಬೇಕು ಎಂಬ ಪ್ರಶ್ನೆಗೆ ಆ ಕಾಯ್ದೆಗಳಲ್ಲಿ ಉತ್ತರವಿರಲಿಲ್ಲ.

ಕುಟುಂಬವನ್ನು ಚಿಕಿತ್ಸೆಯೊಳಕ್ಕೆ ಕರೆದುಕೊಂಡ ಪರಂಪರೆ ಮಾತ್ರ ನಮ್ಮಲ್ಲಿ ಹಳೆಯದು. 1950ರ ದಶಕದಲ್ಲಿ ಅಮೃತಸರದಲ್ಲಿ ಡಾ. ವಿದ್ಯಾ ಸಾಗರ್ ರೋಗಿಗಳ ಬಂಧುಗಳನ್ನು ಆಸ್ಪತ್ರೆಯ ಆವರಣದಲ್ಲೇ ಉಳಿಸಿಕೊಂಡು ಆರೈಕೆ ಕಲಿಸಿದರು. ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1974ರಲ್ಲಿ ಮಾನಸಿಕ ಆಸ್ಪತ್ರೆಯೊಂದಿಗೆ ಸೇರಿ ನಿಮ್ಹಾನ್ಸ್ ಆಯಿತು. ಅಲ್ಲಿನ ಮಕ್ಕಳ ವಿಭಾಗದಲ್ಲಿ ದಾಖಲಾದ ಮಗುವಿನ ಜೊತೆ ಮನೆಯವರೊಬ್ಬರು ಉಳಿಯುತ್ತಾರೆ. ಹಾಗಾಗಿ ವಾರ್ಡಿನಲ್ಲಿ ಮಗುವಿಗೆ ಚಿಕಿತ್ಸೆ ನಡೆಯುತ್ತಿರುವಾಗಲೇ ಮನೆಗೆ ಹೋದ ಮೇಲೆ ಮಾಡಬೇಕಾದ್ದನ್ನು ತಾಯಿಗೂ ಹೇಳಿಕೊಡಬಹುದು. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯೂ ಮನೆಯಲ್ಲಿ ಮಾಡಿಸಬೇಕಾದ ಮಾತಿನ ಅಭ್ಯಾಸಗಳನ್ನು ಪೋಷಕರಿಗೆ ಕಲಿಸುತ್ತ ಬಂದಿದೆ.

ಪಶ್ಚಿಮ ಬೆಂಗಳೂರಿನಲ್ಲಿ

ನಗರದ ಹಳೆಯ ಸಂಸ್ಥೆಗಳು ಹೆಚ್ಚಾಗಿ ಪೂರ್ವ ಮತ್ತು ದಕ್ಷಿಣಕ್ಕೆ ಬೆಳೆದವು: 1959ರ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಲಿಂಗರಾಜಪುರದಲ್ಲಿ, 1982ರ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಇಂದಿರಾನಗರದಲ್ಲಿ. ನಿಮ್ಹಾನ್ಸ್ ಇರುವುದು ಹೊಸೂರು ರಸ್ತೆಯಲ್ಲಿ. ಕೈಮೀರಿದ ಮಗನನ್ನು ಕೆಂಗೇರಿಯಿಂದ ಆಟೊದಲ್ಲಿ ಕೂರಿಸಿ ಸಂಚಾರದ ನಡುವೆ ಅಲ್ಲಿಗೆ ಕರೆದೊಯ್ಯುವುದೇ ಇನ್ನೊಂದು ಬಿಕ್ಕಟ್ಟಾಗುತ್ತದೆ.

1995ರಲ್ಲಿ ಆರಂಭವಾದ, ಬಸವೇಶ್ವರನಗರದಲ್ಲಿ ನೆಲೆಯೂರಿದ ಅಕಾಡೆಮಿ ಫಾರ್ ಸಿವಿಯರ್ ಹ್ಯಾಂಡಿಕ್ಯಾಪ್ಸ್ ಅಂಡ್ ಆಟಿಸಂ, ಅಂದರೆ ‘ಆಶಾ’, ಈ ಭಾಗದ ಮಹತ್ವದ ಸಂಸ್ಥೆ. ಜಯಶ್ರೀ ರಮೇಶ್ ಅದನ್ನು ಕಟ್ಟಿದವರು. 1995ರದ್ದೇ ಆದ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂನ ಹೆಸರೇ ಇರಲಿಲ್ಲ ಎಂಬುದನ್ನು ನೆನೆದರೆ ಈ ಕೆಲಸದ ತೂಕ ತಿಳಿಯುತ್ತದೆ. ಮಾಗಡಿ ರಸ್ತೆಯ ಚನ್ನೇನಹಳ್ಳಿಯಲ್ಲಿ ಆವರಣವಿರುವ ಸೃಷ್ಟಿ ಸ್ಪೆಷಲ್ ಅಕಾಡೆಮಿ ಪಶ್ಚಿಮ ಅಂಚಿನ ಇನ್ನೊಂದು ಆಸರೆ. ತಂದೆತಾಯಂದಿರ ಸಂಘಟನೆಯೂ ಇದೇ ಕಾಲದಲ್ಲಿ ಬಲಗೊಂಡಿತು. ಪೋಷಕ ಸಂಘಗಳ ರಾಷ್ಟ್ರೀಯ ಒಕ್ಕೂಟ ‘ಪರಿವಾರ್’ 1995ರಲ್ಲಿ ರೂಪುಗೊಂಡಿತು. ಅದರ ಮುಂಚೂಣಿಯಲ್ಲಿದ್ದವರು ಬೆಂಗಳೂರಿನ ಜೆ.ಪಿ. ಗಡ್ಕರಿ.

ವಿಧಾನ

ಬೌದ್ಧಿಕ ಅಂಗವೈಕಲ್ಯಕ್ಕೆ ಮೀಸಲಾದ ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯಲ್ಲಿದ್ದಾಗ ರೀತಾ ಪೇಶಾವರಿಯಾ ಮತ್ತು ಎಸ್. ವೆಂಕಟೇಶನ್ 1992ರಲ್ಲಿ ಭಾರತೀಯ ಮಕ್ಕಳಿಗಾಗಿ ವರ್ತನೆಯ ಅಳತೆಪಟ್ಟಿಯೊಂದನ್ನು ಪ್ರಕಟಿಸಿದರು. ಅದರ ಮೊದಲ ಭಾಗದಲ್ಲಿ ದಿನನಿತ್ಯದ 280 ಕೌಶಲಗಳೂ ಎರಡನೆಯದರಲ್ಲಿ 75 ಸಮಸ್ಯಾತ್ಮಕ ವರ್ತನೆಗಳೂ ಇವೆ. ವೆಂಕಟೇಶನ್ ಮುಂದೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಕೆಲಸ ಮಾಡಿದರು.

ವರ್ತನೆಯನ್ನು ಅಳೆದು ತಿದ್ದುವ ಈ ಕ್ರಮದ ತಿರುಳು ಸರಳ: ರಂಪವನ್ನು ಹಠವೆಂದು ತೀರ್ಮಾನಿಸುವ ಮೊದಲು ಅದಕ್ಕೆ ಮುಂಚೆ ಏನಾಯಿತು, ಆಮೇಲೆ ಏನು ಸಿಕ್ಕಿತು ಎಂದು ಬರೆದಿಡಬೇಕು. ಮಾತು ಬಾರದವರಲ್ಲಿ ಮೊದಲು ಹುಡುಕಬೇಕಾದ್ದು ನೋವನ್ನು: ಹಲ್ಲು, ಕಿವಿ, ಮಲಬದ್ಧತೆ, ಮುಟ್ಟು, ಬದಲಾದ ಫಿಟ್ಸ್ ಮಾತ್ರೆ. ಬಳಿಕ ಸುತ್ತಲಿನ ಸಂಗತಿಗಳು: ಮಿಕ್ಸಿಯ ಸದ್ದು, ಗಣೇಶೋತ್ಸವದ ಧ್ವನಿವರ್ಧಕ, ದೀಪಾವಳಿಯ ಪಟಾಕಿ, ಹೇಳದೆ ಬದಲಾದ ದಿನಚರಿ. ಕೆರಳಿದ ಕ್ಷಣದಲ್ಲಿ ಮಾತು ಕಡಿಮೆ ಮಾಡುವುದು, ಸುತ್ತ ನೆರೆದವರನ್ನು ದೂರ ಕಳಿಸುವುದು, ತಾಗಿದರೆ ಗಾಯವಾಗುವ ವಸ್ತುಗಳನ್ನು ಎತ್ತಿಡುವುದು, ಅದುಮಿ ಹಿಡಿಯದಿರುವುದು ಮನೆಯವರು ಕಲಿಯುವ ಪಾಠ. ಶಾಂತವಾದ ಮೇಲೆ ‘ಬೇಡ’, ‘ಸಾಕು’, ‘ನೋವು’ ಎಂದು ತಿಳಿಸಲು ಚಿತ್ರದ ಚೀಟಿಯನ್ನೋ ಸನ್ನೆಯನ್ನೋ ಕಲಿಸಲಾಗುತ್ತದೆ. ಹೇಳಿಕೊಳ್ಳುವ ದಾರಿ ಸಿಕ್ಕಂತೆ ಹೊಡೆತ, ಕಚ್ಚುವಿಕೆಗಳ ಅಗತ್ಯ ಕಡಿಮೆಯಾಗುತ್ತ ಬರುತ್ತದೆ.

ಗೋವಾ ಮತ್ತು ರಾವಲ್ಪಿಂಡಿಯಲ್ಲಿ ಆಟಿಸಂ ಇರುವ 65 ಮಕ್ಕಳೊಂದಿಗೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನ ಒಂದು ಮುಖ್ಯ ಸಂಗತಿಯನ್ನು ತೋರಿಸಿತು: ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರೂ ತರಬೇತಿ ಪಡೆದು ತಂದೆತಾಯಂದಿರಿಗೆ ಕಲಿಸಬಲ್ಲರು. ವಿಶ್ವ ಆರೋಗ್ಯ ಸಂಸ್ಥೆ 2ರಿಂದ 9 ವರ್ಷದ ಮಕ್ಕಳ ಪೋಷಕರಿಗಾಗಿ ರೂಪಿಸಿದ ಪಾಠಕ್ರಮದಲ್ಲಿ 9 ಗುಂಪು ತರಗತಿಗಳ ಜೊತೆಗೆ 3 ಮನೆಭೇಟಿಗಳಿವೆ.

ಕಾನೂನು ಮತ್ತು ಯೋಜನೆಗಳು

1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮತ್ತು ಬಹುವಿಧ ಅಂಗವೈಕಲ್ಯಗಳಿಗೆಂದೇ ರೂಪುಗೊಂಡದ್ದು. 18 ದಾಟಿದವರಿಗೆ ಪಾಲಕರನ್ನು ನೇಮಿಸುವ ಅಧಿಕಾರ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಗೆ ಬಂತು. ಟ್ರಸ್ಟಿನ ‘ನಿರಾಮಯ’ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ನೆರವಾಗುತ್ತದೆ. ‘ಸಹಯೋಗಿ’ ಯೋಜನೆ ಆರೈಕೆದಾರರನ್ನು ತರಬೇತುಗೊಳಿಸಲು ಹುಟ್ಟಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿತು. ಸಂಬಳವಿಲ್ಲದೆ ನೋಡಿಕೊಳ್ಳುವ ತಂದೆತಾಯಿಯನ್ನೂ ಅದು ಆರೈಕೆದಾರರೆಂದು ಒಪ್ಪಿ, ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆ ಭತ್ಯೆಯ ಮಾತನ್ನೂ ಸೇರಿಸಿತು. ಕರ್ನಾಟಕದ 2024–25ರ ಬಜೆಟ್ ಸೆರೆಬ್ರಲ್ ಪಾಲ್ಸಿ ಸೇರಿದಂತೆ ಕೆಲವು ಸ್ಥಿತಿಗಳಿರುವವರ ಆರೈಕೆದಾರರಿಗೆ ತಿಂಗಳಿಗೆ 1000 ರೂಪಾಯಿ ಘೋಷಿಸಿತು.

ಇಂದಿನ ಸ್ಥಿತಿ

2020ರ ಮಾರ್ಚ್ ಲಾಕ್‌ಡೌನ್‌ನಲ್ಲಿ ವಿಶೇಷ ಶಾಲೆ, ಥೆರಪಿ, ಸಂಜೆಯ ತಿರುಗಾಟ ಒಮ್ಮೆಗೇ ನಿಂತವು. ಪಾಠ ಫೋನಿನ ಪರದೆಗೆ ಬಂತು, ಕಲಿಸುವ ಕೆಲಸ ತಾಯಂದಿರ ಹೆಗಲೇರಿತು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ (14416) ಕನ್ನಡದಲ್ಲೂ ಸಲಹೆ ಕೊಡುತ್ತದೆ. ಆದರೆ ಫೋನಿನಾಚೆ ಮನೆ ತಲುಪಿ ಮಗುವನ್ನೂ ಮನೆಯನ್ನೂ ಬಲ್ಲ ಒಬ್ಬರು ಬೇಕು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1980ರ ದಶಕದ ಕೊನೆಗೆ ಆರಂಭವಾದ ‘ಸ್ಟಾರ್ಟ್’ ಮಾದರಿ ಹಗಲಿರುಳಿನ ಕರೆ, ಮನೆಗೆ ಬರುವ ತಂಡ ಮತ್ತು ಮನೆಯವರಿಗೆ ಕೆಲದಿನದ ಬಿಡುವನ್ನು ಒಂದೇ ಸೂರಿನಡಿ ತಂದಿತು. ಕರ್ನಾಟಕದ ನಗರ ಮತ್ತು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ಇಂಥ ಕೆಲಸದ ತರಬೇತಿ ಕೊಟ್ಟರೆ ನಮ್ಮಲ್ಲೂ ಅದು ಸಾಧ್ಯ.

ಶಾಲೆಯ ವಯಸ್ಸು ಮುಗಿದ ಮೇಲೆ ಹಗಲಿಡೀ ಮನೆಯಲ್ಲಿರುವ ಮಗ, ಎತ್ತಿ ಹಿಡಿಯಲು ಶಕ್ತಿ ಸಾಲದ ಅರವತ್ತು ದಾಟಿದ ತಂದೆತಾಯಿ: ನೆರವು ಅತ್ಯಂತ ಅಗತ್ಯವಿರುವುದು ಇಂಥ ಮನೆಗಳಿಗೆ. ಮಕ್ಕಳಿಗೆಂದು ಬೆಳೆದ ತರಬೇತಿಯನ್ನು ವಯಸ್ಕರಿಗೂ ವಿಸ್ತರಿಸುವುದು, ತಾಯಿಗೆ ಕಲಿಸುವುದರ ಜೊತೆಗೆ ತಾಯಿಗೆ ಬಿಡುವು ಕೊಡುವುದು ಈ ಕ್ಷೇತ್ರದ ಮುಂದಿನ ಕೆಲಸ.