ಗುಮಾಸ್ತನ ವಿದ್ಯೆ

ಜಮಾ, ಖರ್ಚು, ಬಾಕಿ, ವಸೂಲಿ, ನಗದು, ರಶೀದಿ, ತಗಾದೆ, ದಲ್ಲಾಳಿ. ಈ ಮಾತುಗಳನ್ನು ತೆಗೆದುಬಿಟ್ಟರೆ ಕನ್ನಡದಲ್ಲಿ ಒಂದು ಅಂಗಡಿಯನ್ನೂ ನಡೆಸುವುದು ಕಷ್ಟ. ಅರಬ್ಬಿ, ಫಾರಸಿ ಮೂಲದ ಇವು ನಮಗೆ ಶಾಲೆಯ ಪಾಠದಿಂದ ಬಂದವಲ್ಲ, ದಫ್ತರ ಮತ್ತು ಮಂಡಿಗಳಿಂದ ಬಂದವು. 'ಗುಮಾಸ್ತ' ಕೂಡ ಹಾಗೆಯೇ. ಧಣಿಯ ಪರವಾಗಿ ನೇಮಕಗೊಂಡವನು ಎಂದು ಅದರ ಫಾರಸಿ ಅರ್ಥ. ಆಮೇಲೆ ಅದು ಬರೀ ಬರೆದುಕೊಡುವವನು ಎಂಬಲ್ಲಿಗೆ ಇಳಿಯಿತು.

ಆ ನೇಮಕಗೊಂಡವನಿಗೆ ತರಬೇತಿ ಇರಲಿಲ್ಲವೆಂದು ತಿಳಿಯಬಾರದು. ಮೊಗಲರ ಕಂದಾಯ ದಫ್ತರಗಳಲ್ಲಿ 'ಸಿಯಾಕ್' ಎಂಬ ಅಂಕಿ ಬರಹವಿತ್ತು. ಅರಬ್ಬಿ ಸಂಖ್ಯಾಪದಗಳನ್ನೇ ಮೊಟಕುಗೊಳಿಸಿ ಮಾಡಿದ ಗುರುತುಗಳು ಅವು. ಕಲಿಯದವನಿಗೆ ಒಂದೂ ಅರ್ಥವಾಗದು. ಉರ್ದು ಬಲ್ಲ ನಮಗೂ ಅವು ಅರ್ಥವಾಗುವುದಿಲ್ಲ! ಇನ್ನು ಮಂಡಿಯ ಕಲಿಕೆ ಬೇರೆ ತರಹದ್ದು. ಹುಡುಗ ಮೊದಲು ಕಸ ಗುಡಿಸಬೇಕು, ನಂತರ ತಕ್ಕಡಿ ಹಿಡಿಯಬೇಕು, ನಂತರ ಕಚ್ಚಾ ಪುಸ್ತಕ. ಖಾತೆ ಪುಸ್ತಕ ಕೈಗೆ ಬರುವಷ್ಟರಲ್ಲಿ ಯಾವ ಮಾಲು ಯಾವಾಗ ತರಿಸಬೇಕು, ಯಾರಿಗೆ ಎಷ್ಟು ಸಾಲ ಬಿಡಬಹುದು, ಹಣ ಎಲ್ಲಿ ಸಿಕ್ಕಿಕೊಂಡಿದೆ ಎಂಬುದೆಲ್ಲ ಅವನಿಗೆ ಗೊತ್ತಾಗಿರುತ್ತಿತ್ತು. ಇದನ್ನೇ ಈಗ ವ್ಯವಹಾರ ನಿರ್ವಹಣೆ ಎಂದು ಕಲಿಸುತ್ತಾರೆ. ಮಂಡಿಯ ಒಂದು ದೋಷವೆಂದರೆ, ಧಣಿಯ ಮನೆಯವರಿಗೋ ಜಾತಿಯವರಿಗೋ ಮಾತ್ರ ಗಲ್ಲಾಪೆಟ್ಟಿಗೆಯವರೆಗೆ ದಾರಿ ಇರುತ್ತಿತ್ತು. ಉಳಿದವರು ತಕ್ಕಡಿಯ ಬಳಿಯೇ ಮುದುಕರಾದರು.

ಶಾಲೆ ಈ ಬಾಗಿಲನ್ನು ತೆರೆಯಬಹುದಿತ್ತು. 1882ರ ಹಂಟರ್ ಆಯೋಗ ಪ್ರೌಢಶಾಲೆಯ ಮೇಲಿನ ತರಗತಿಗಳಲ್ಲಿ ಎರಡು ದಾರಿ ಇರಲಿ ಎಂದಿತು. ಒಂದು ವಿಶ್ವವಿದ್ಯಾನಿಲಯಕ್ಕೆ, ಇನ್ನೊಂದು ವಾಣಿಜ್ಯ ಮೊದಲಾದ ವೃತ್ತಿಗಳಿಗೆ. ಎರಡನೆಯದರಲ್ಲಿ ನಡೆದವರು ತೀರ ಕಡಿಮೆ. ಸರಕಾರಿ ನೌಕರಿಗೆ ಬೇಕಾದದ್ದು ಮೆಟ್ರಿಕ್ ಆಗಿರುವಾಗ ಯಾವ ತಂದೆ ಮಗನನ್ನು ಅತ್ತ ಕಳಿಸಿಯಾನು?

1913ರಲ್ಲಿ ಮುಂಬಯಿಯಲ್ಲಿ ಸಿಡೆನ್‌ಹ್ಯಾಮ್ ವಾಣಿಜ್ಯ ಕಾಲೇಜು ಆರಂಭವಾಯಿತು. ಅದೇ ವರ್ಷ ಇತ್ತ ಮೈಸೂರು ಬ್ಯಾಂಕು ಹುಟ್ಟಿತು. ಆಗ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಬ್ಯಾಂಕು, ಕಾರ್ಖಾನೆಗಳ ಜತೆಗೇ ಅವನ್ನು ನಡೆಸುವ ಕೈಗಳ ಬಗ್ಗೆಯೂ ಯೋಚಿಸಿದವರು. ಮುಂದೆ ಭದ್ರಾವತಿ ಕಬ್ಬಿಣದ ಕಾರ್ಖಾನೆಯಿಂದ ತಮಗೆ ಬರಬೇಕಿದ್ದ ಸಂಭಾವನೆಯನ್ನು ಬೆಂಗಳೂರಿನಲ್ಲಿ ಒಂದು ವೃತ್ತಿ ಶಿಕ್ಷಣ ಸಂಸ್ಥೆಗೆ ಕೊಟ್ಟರು. ಅದಕ್ಕೆ ತಮ್ಮ ಹೆಸರಿಡಲು ಒಪ್ಪದೆ ಜಯಚಾಮರಾಜೇಂದ್ರರ ಹೆಸರಿಡಿಸಿದರು.

ಆದರೆ ಸಾಮಾನ್ಯ ಮಕ್ಕಳ ಪಾಲಿಗೆ ಎರಡನೇ ದಾರಿ ಬಂದದ್ದು ಬಹಳ ತಡವಾಗಿ. ಕೊಠಾರಿ ಆಯೋಗದ (1964-66) ಸಲಹೆಯ ನಂತರ, 1977-78ರಲ್ಲಿ ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ವೃತ್ತಿ ಶಿಕ್ಷಣ ಶುರುವಾಯಿತು. ಜೆಒಸಿ ಎಂದರೆ ನಮ್ಮ ಓದುಗರಿಗೆ ನೆನಪಾದೀತು. ರೇಷ್ಮೆ ಕೃಷಿಯಿಂದ ಲೆಕ್ಕಪರಿಶೋಧನೆಯವರೆಗೆ ಹಲವು ವಿಷಯಗಳಿದ್ದವು. 1986ರ ರಾಷ್ಟ್ರೀಯ ನೀತಿಯಂತೂ ಆ ಹಂತದ ಶೇ. 25 ವಿದ್ಯಾರ್ಥಿಗಳು 1995ರೊಳಗೆ ಇಂಥ ಶಿಕ್ಷಣದಲ್ಲಿರಬೇಕೆಂದು ಬರೆಯಿತು. 1992ರಲ್ಲಿ ನೀತಿಯನ್ನು ತಿದ್ದಿ ಗಡುವನ್ನು 2000ಕ್ಕೆ ಮುಂದೂಡಲಾಯಿತು. ಗುರಿ ಆಗಲೂ ಮುಟ್ಟಲಿಲ್ಲ.

ಬೋಧಕರನ್ನೇ ನೋಡಿ. ಮಕ್ಕಳಿಗೆ ಉದ್ಯೋಗ ಕಲಿಸುವವರಿಗೇ ಖಾಯಂ ಉದ್ಯೋಗವಿರಲಿಲ್ಲ. ಅರೆಕಾಲಿಕರಾಗಿ ವರ್ಷಗಟ್ಟಲೆ ದುಡಿದ ಅವರನ್ನು ಸರಕಾರಿ ಸೇವೆಗೆ ಸೇರಿಸಿಕೊಳ್ಳಲು 2011ರಲ್ಲಿ ಪ್ರತ್ಯೇಕ ಕಾಯ್ದೆಯೇ ಬೇಕಾಯಿತು.

ನಮ್ಮ ಮೊಹಲ್ಲಾದಲ್ಲಿ ಈ ಕೋರ್ಸಿಗೆ ಸೇರಿದ ಹುಡುಗನನ್ನು 'ಯಾಕಪ್ಪಾ, ಪಿಯುಸಿಗೆ ಸೀಟು ಸಿಗಲಿಲ್ಲವೇ?' ಎಂದು ಕೇಳುತ್ತಿದ್ದರು. ಕೇಳಿದವರಲ್ಲಿ ನಾವೂ ಒಬ್ಬರು. ಲೆಕ್ಕಪತ್ರ ಕಲಿತ ಆ ಹುಡುಗ ಈಗ ಗುಜರಿ ವ್ಯಾಪಾರಿಯೊಬ್ಬರ ಮೂರು ಗೋದಾಮುಗಳನ್ನು ನೋಡಿಕೊಳ್ಳುತ್ತಾನೆ. ಲಾರಿ, ಕೂಲಿ, ತೆರಿಗೆ ಎಲ್ಲವೂ ಅವನದೇ. ಮೊನ್ನೆ ಅವನ ತಂಗಿಯ ನಿಕಾಹದಲ್ಲಿ ಹುಡುಗಿಯ ಅಣ್ಣ ಏನು ಮಾಡುತ್ತಾನೆಂದು ಗಂಡಿನ ಕಡೆಯವರು ವಿಚಾರಿಸಿದರು. 'ಬರೆಯುವ ಕೆಲಸ' ಎಂದರು ಅವನ ತಂದೆ.