ರೇಷ್ಮೆ ಹುಳುವಿನ ಜ್ವರ ಮತ್ತು ವಂಶವಾಹಿಯ ಕೀಲಿ



ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಸೀಮೆಯಲ್ಲಿ ಬೆಳೆದವರಿಗೆ ರೇಷ್ಮೆ ಹುಳುವಿನ 'ಜ್ವರ' ಎಂದರೇನೆಂದು ವಿವರಿಸಬೇಕಾಗಿಲ್ಲ. ದೂರದ ಬಂಧುಗಳಿಗಾಗಿ ಹೇಳುತ್ತೇನೆ: ಹುಳು ಮೇವು ಬಿಟ್ಟು, ತಲೆಯೆತ್ತಿ ನಿಶ್ಚಲವಾಗಿ ನಿಂತು ಪೊರೆ ಕಳಚುವ ಅವಧಿಗೆ ನಮ್ಮ ರೈತರು ಇಟ್ಟ ಹೆಸರದು. ನಾಲ್ಕು ಜ್ವರ ದಾಟಿದ ಹುಳು ಹಿಪ್ಪುನೇರಳೆ ಸೊಪ್ಪನ್ನು ಹಗಲಿರುಳು ತಿಂದು, ಹಣ್ಣಾಗಿ, ಚಂದ್ರಿಕೆಯಲ್ಲಿ ಗೂಡು ಕಟ್ಟುತ್ತದೆ. ತರಗತಿಯಲ್ಲಿ ನಾನು ಹೇಳಿದ್ದೂ ಇಷ್ಟೇ. ಆ ಹುಳುವಿನ ಒಡಲೊಳಗೆ ನಡೆಯುವುದನ್ನು ವಿಜ್ಞಾನಿಗಳು ಅರಿತ ಬಗೆಯನ್ನೂ, ಅಂಥ ಅರಿವು ಮನುಷ್ಯನ ಚಿಕಿತ್ಸೆಯವರೆಗೆ ಬಂದ ಬಗೆಯನ್ನೂ ಇಲ್ಲಿ ಬರೆಯುತ್ತಿದ್ದೇನೆ.

ರೇಷ್ಮೆ ಎಳೆಯ ಮುಖ್ಯ ಪ್ರೋಟೀನು ಫೈಬ್ರಾಯಿನ್. ಅದರ ವಂಶವಾಹಿ ಹುಳುವಿನ ದೇಹದ ಎಲ್ಲೆಡೆಯ ಜೀವಕೋಶಗಳಲ್ಲಿಯೂ ಇದೆ. ಆದರೆ ಫೈಬ್ರಾಯಿನ್ ತಯಾರಾಗುವುದು ರೇಷ್ಮೆ ಗ್ರಂಥಿಯ ಹಿಂಭಾಗದಲ್ಲಿ ಮಾತ್ರ. ಆ ಭಾಗದಲ್ಲಿ ಈ ವಂಶವಾಹಿಯ ಪ್ರತಿಗಳೇ ವಿಶೇಷವಾಗಿ ಹೆಚ್ಚಿವೆಯೇ? ಹಾಗಿಲ್ಲವೆಂದು ಅಮೆರಿಕದ ಕಾರ್ನೆಗಿ ಸಂಸ್ಥೆಯಲ್ಲಿ ಯೋಶಿಯಾಕಿ ಸುಜುಕಿ, ಡೊನಾಲ್ಡ್ ಬ್ರೌನ್ ಮತ್ತು ಸಂಗಡಿಗರು 1972ರಲ್ಲಿ ತೋರಿಸಿದರು. ವಂಶವಾಹಿ ಇದ್ದರೆ ಸಾಲದು, ಅದು ಚಾಲನೆಗೊಳ್ಳಬೇಕು. 1980ರಲ್ಲಿ ಸುಜುಕಿಯವರು ಪ್ರಕಟಿಸಿದ ಅಧ್ಯಯನ ಇನ್ನೂ ಸೊಗಸಾದುದು: ಹುಳು ಜ್ವರಕ್ಕೆ ಕುಳಿತಾಗ ಫೈಬ್ರಾಯಿನ್ ವಂಶವಾಹಿ ಆರುತ್ತದೆ; ಜ್ವರ ಎದ್ದು ಮೇವಿಗೆ ಬಾಯಿ ಹಾಕಿದ ಮೇಲೆ ಮತ್ತೆ ಹೊತ್ತಿಕೊಳ್ಳುತ್ತದೆ. ನಮ್ಮ ನೆರೆಯ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಕೆ. ಪಿ. ಗೋಪಿನಾಥನ್ ಅವರ ತಂಡವೂ ಇದೇ ಹುಳುವಿನ ಬೇರೆ ವಂಶವಾಹಿಗಳ ನಿಯಂತ್ರಣವನ್ನು ವರ್ಷಗಟ್ಟಲೆ ಅಭ್ಯಸಿಸಿತು.

ಹುಳು ತಾನಾಗಿ ತಿರುಗಿಸುವ ಇಂಥ ಕೀಲಿಯನ್ನು ಮನುಷ್ಯನ ಜೀವಕೋಶದಲ್ಲಿ ನಾವು ತಿರುಗಿಸಬಹುದೇ? ಅದಕ್ಕೆ ಎರಡು ಅಂಗಗಳುಳ್ಳ ಉಪಕರಣ ಬೇಕು. ಒಂದು, ಬೇಕಾದ ವಂಶವಾಹಿಯ ವಿಳಾಸವನ್ನು ಹುಡುಕುವುದು. ಇನ್ನೊಂದು, ಅದನ್ನು ಚಾಲನೆಗೊಳಿಸುವುದು. ಎರಡನೆಯದನ್ನು ತುಟಿಯ ಮೇಲೆ ಗುಳ್ಳೆಯೆಬ್ಬಿಸುವ ಹರ್ಪಿಸ್ ವೈರಸ್ಸಿನ ಪ್ರೋಟೀನಿನಿಂದ ಪಡೆದರು. ಮೊದಲನೆಯದು ಮೂರು ಕಡೆಯಿಂದ ಬಂತು: 1985ರಲ್ಲಿ ಏರಾನ್ ಕ್ಲುಗ್ ಅವರ ಕೇಂಬ್ರಿಜ್ ತಂಡ ಕಪ್ಪೆಯ ಪ್ರೋಟೀನಿನಲ್ಲಿ ಗುರುತಿಸಿದ 'ಸತುವಿನ ಬೆರಳು', ಭತ್ತ ಮೊದಲಾದ ಬೆಳೆಗಳಿಗೆ ರೋಗ ತರುವ ಬ್ಯಾಕ್ಟೀರಿಯಾ ಗಿಡದ ವಂಶವಾಹಿಗಳನ್ನು ತನ್ನ ಲಾಭಕ್ಕೆ ಚಾಲೂ ಮಾಡುವ ಪ್ರೋಟೀನು, ಇದರ ಸಂಕೇತ ಬಿಡಿಸಿದ್ದು 2009ರಲ್ಲಿ, ಕೊನೆಯದಾಗಿ ಕತ್ತರಿಸುವ ಶಕ್ತಿ ತೆಗೆದುಹಾಕಿದ ಕ್ರಿಸ್ಪರ್, 2013ರಲ್ಲಿ.

ಇದಕ್ಕೆ ಹತ್ತಿರದ ದಾರಿಯೊಂದು ಈಗಾಗಲೇ ರೋಗಿಗಳನ್ನು ತಲುಪಿದೆ. ಕುಡುಗೋಲು ಕಣ ರಕ್ತಹೀನತೆಯುಳ್ಳವರಲ್ಲಿ ದೊಡ್ಡವರ ಹಿಮೋಗ್ಲೋಬಿನ್ ಕೆಟ್ಟಿರುತ್ತದೆ. ಗರ್ಭದಲ್ಲಿದ್ದಾಗಿನ ಹಿಮೋಗ್ಲೋಬಿನ್ ವಂಶವಾಹಿ ಚೆನ್ನಾಗಿದ್ದರೂ ಜನನಾನಂತರ ಆರಿರುತ್ತದೆ. ಅದನ್ನು ಅದುಮಿ ಹಿಡಿದ ನಿಯಂತ್ರಕವನ್ನು ಕ್ರಿಸ್ಪರಿನಿಂದ ಸಡಿಲಿಸಿ, ಮತ್ತೆ ಹೊತ್ತಿಸುವ 'ಕ್ಯಾಸ್ಜೆವಿ' ಚಿಕಿತ್ಸೆಗೆ 2023ರ ನವೆಂಬರಿನಲ್ಲಿ ಬ್ರಿಟನ್, ಡಿಸೆಂಬರಿನಲ್ಲಿ ಅಮೆರಿಕ ಅನುಮತಿ ನೀಡಿದವು. ಅಮೆರಿಕದಲ್ಲಿ ಅದಕ್ಕೆ ಇಟ್ಟ ಬೆಲೆ 22 ಲಕ್ಷ ಡಾಲರು!

ಈ ರೋಗ ನಮ್ಮ ಚಾಮರಾಜನಗರ, ಮೈಸೂರು, ಕೊಡಗಿನ ಕಾಡಂಚಿನ ಬುಡಕಟ್ಟು ಜನರಲ್ಲಿದೆ. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ನಿರ್ಮೂಲನಾ ಅಭಿಯಾನದಲ್ಲಿ ಕರ್ನಾಟಕವೂ ಸೇರಿದೆ. ದೆಹಲಿಯ ಸಿಎಸ್‌ಐಆರ್ ಪ್ರಯೋಗಾಲಯ ರೂಪಿಸಿದ ಕ್ರಿಸ್ಪರ್ ಚಿಕಿತ್ಸೆ 'ಬಿರ್ಸಾ 101' ಅನ್ನು 2025ರ ನವೆಂಬರಿನಲ್ಲಿ ಪ್ರಕಟಿಸಲಾಯಿತು. ಹಾಡಿಯ ಬಡ ಮಗುವಿಗೆ ಎಟುಕುವ ಬೆಲೆಯಲ್ಲಿ ದೊರೆತಾಗ ಮಾತ್ರ ಅದರ ಹೆಸರು ಸಾರ್ಥಕವಾದೀತು.

ನನ್ನ ವಿದ್ಯಾರ್ಥಿಗಳಲ್ಲಿ ವೈದ್ಯರಾದವರಿದ್ದೀರಿ, ಔಷಧ ಕಂಪನಿಗಳಲ್ಲಿರುವವರೂ ಇದ್ದೀರಿ. ಕೀಲಿ ಹೇಗೆ ತಿರುಗುತ್ತದೆಂಬುದು ಈಗ ತಿಳಿದಿದೆ. ಯಾರ ಪಾಲಿಗೆ ತಿರುಗಬೇಕೆಂಬುದನ್ನು ನೀವು ಯೋಚಿಸಿರಿ.