ಮ್ಯಾನೇಜರ್ ಹೋಗಲಿ ಸರಿ, ಬರುವವರು ಯಾರು?

1989ರ ಡಿಸೆಂಬರ್ 9. ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಓಲ್ಡ್ ಟ್ರ್ಯಾಫರ್ಡ್ ಕ್ರೀಡಾಂಗಣ. ಆ ವರ್ಷವಷ್ಟೇ ಮೊದಲ ಡಿವಿಷನ್‌ಗೆ ಬಡ್ತಿ ಪಡೆದಿದ್ದ ಕ್ರಿಸ್ಟಲ್ ಪ್ಯಾಲೇಸ್ ತಂಡ, ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬನ್ನು ಅದರ ಸ್ವಂತ ಅಂಗಳದಲ್ಲೇ 2–1 ಗೋಲುಗಳಿಂದ ಸೋಲಿಸಿತು. ಮೂರೇ ತಿಂಗಳ ಹಿಂದೆ ಇದೇ ಪ್ಯಾಲೇಸ್ ತಂಡ ಲಿವರ್‌ಪೂಲ್‌ಗೆ ಒಂಬತ್ತು ಗೋಲು ಬಿಟ್ಟುಕೊಟ್ಟಿತ್ತು. ಗ್ಯಾಲರಿಯಲ್ಲಿ ಅಭಿಮಾನಿಯೊಬ್ಬ ಹಾಸಿಗೆ ಬಟ್ಟೆಯ ಮೇಲೆ ಬರೆದು ತಂದಿದ್ದ ಬ್ಯಾನರನ್ನು ಎತ್ತಿ ಹಿಡಿದ. ಮೂರು ವರ್ಷ ನೆಪ ಕೇಳಿದ್ದಾಯಿತು, ಆಟ ಮಾತ್ರ ಇನ್ನೂ ಕಸ, ಇನ್ನು ಹೊರಡಿ ಎಂಬುದು ಅದರ ತಾತ್ಪರ್ಯ. ಹೊರಡಬೇಕಾಗಿದ್ದವರು ಮ್ಯಾನೇಜರ್ ಅಲೆಕ್ಸ್ ಫರ್ಗುಸನ್.

ಅದೇ ಫರ್ಗುಸನ್ 2013ರವರೆಗೆ ಆ ಹುದ್ದೆಯಲ್ಲಿದ್ದು 13 ಲೀಗ್ ಪ್ರಶಸ್ತಿಗಳನ್ನು ಗೆದ್ದುಕೊಟ್ಟರು. ‘ತಾಳಿದವನು ಬಾಳಿಯಾನು’ ಎಂಬ ಗಾದೆಗೆ ಉದಾಹರಣೆಯಾಗಿ ಫುಟ್‌ಬಾಲ್ ಲೋಕದಲ್ಲಿ ಈ ಕತೆಯನ್ನು ಮತ್ತೆ ಮತ್ತೆ ಹೇಳಲಾಗುತ್ತದೆ. ಆದರೆ ಅದೇ ಕ್ಲಬ್ಬಿನ ಇತಿಹಾಸವನ್ನು ಇಡಿಯಾಗಿ ನೋಡಿದರೆ ಗಾದೆ ಅಷ್ಟು ಸರಳವಾಗಿ ಹೊಂದುವುದಿಲ್ಲ. ಸೋಲುತ್ತಿರುವ ಮ್ಯಾನೇಜರ್ ಜಾಗಕ್ಕೆ ಯಾರು ಎಂದು ಅಭಿಮಾನಿಗಳು ಹೋಟೆಲಿನಲ್ಲಿ, ಬಸ್ಸಿನಲ್ಲಿ, ಪತ್ರಿಕೆಯ ಓದುಗರ ಅಂಕಣದಲ್ಲಿ ನಡೆಸುವ ವಾದದ ಹಿಂದೆ ಇನ್ನೊಂದು ಪ್ರಶ್ನೆಯೂ ಅಡಗಿದೆ. ಕ್ಲಬ್ಬು ಯಾರದ್ದು?

ನಿರ್ದೇಶಕರೇ ಆಯ್ಕೆಗಾರರು

ಕ್ರಿಕೆಟ್ ನೋಡಿ ಬೆಳೆದ ನಮ್ಮ ಓದುಗರಿಗೆ ತಂಡದ ಸೋಲಿಗೆ ನಾಯಕನನ್ನೋ ಆಯ್ಕೆ ಸಮಿತಿಯನ್ನೋ ಬೈಯುವುದು ರೂಢಿ. ಇಂಗ್ಲಿಷ್ ಫುಟ್‌ಬಾಲ್ ಕೂಡ ಆರಂಭದಲ್ಲಿ ಹೀಗೇ ಇತ್ತು. ಕ್ಲಬ್ಬಿನ ನಿರ್ದೇಶಕರು, ಅಂದರೆ ಊರಿನ ವರ್ತಕರು, ಗಿರಣಿ ಮಾಲೀಕರು, ಮದ್ಯ ತಯಾರಕರು ಸಭೆ ಸೇರಿ ಶನಿವಾರ ಆಡಬೇಕಾದ ಹನ್ನೊಂದು ಮಂದಿಯನ್ನು ಆರಿಸುತ್ತಿದ್ದರು. ಲೆಕ್ಕಪತ್ರ ನೋಡಿಕೊಳ್ಳಲು ಒಬ್ಬ ಕಾರ್ಯದರ್ಶಿ, ಆಟಗಾರರನ್ನು ಓಡಿಸಿ ದಣಿಸಲು ಒಬ್ಬ ತರಬೇತುದಾರ ಇರುತ್ತಿದ್ದರು.

ಈ ಪದ್ಧತಿಯನ್ನು ಅಲುಗಾಡಿಸಿದವರಲ್ಲಿ ಮುಖ್ಯರು ಹರ್ಬರ್ಟ್ ಚಾಪ್‌ಮನ್. ಹಡರ್ಸ್‌ಫೀಲ್ಡ್ ಟೌನ್ ತಂಡಕ್ಕೆ 1924 ಮತ್ತು 1925ರಲ್ಲಿ ಲೀಗ್ ಪ್ರಶಸ್ತಿ ತಂದುಕೊಟ್ಟ ಅವರು 1925ರಲ್ಲಿ ಲಂಡನ್ನಿನ ಆರ್ಸೆನಲ್ ಸೇರಿದರು. ಆಟದ ತಂತ್ರದಿಂದ ಹಿಡಿದು ಆಟಗಾರರ ಖರೀದಿಯವರೆಗೆ ಎಲ್ಲವೂ ಮ್ಯಾನೇಜರ್ ಕೈಯಲ್ಲಿರಬೇಕು ಎಂಬುದು ಅವರ ನಿಲುವಾಗಿತ್ತು. ಇದೇ ಅಧಿಕಾರವನ್ನು ಷರತ್ತಾಗಿ ಮುಂದಿಟ್ಟು 1945ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಸೇರಿದವರು ಮ್ಯಾಟ್ ಬಸ್ಬಿ. ತಂಡದ ಆಯ್ಕೆ ತನ್ನದೇ, ಅವಧಿ ಐದು ವರ್ಷ ಎಂದು ಅವರು ಪಟ್ಟು ಹಿಡಿದರು. ಆಡಳಿತ ಮಂಡಳಿ ಒಪ್ಪಿತು.

ಅಧಿಕಾರದ ಜೊತೆಗೆ ಹೊಣೆಯೂ ಬಂತು. ನಿರ್ದೇಶಕರ ಮುಖ ಅಭಿಮಾನಿಗಳಿಗೆ ಕಾಣುವುದು ಅಪರೂಪ. ಪ್ರತಿ ಶನಿವಾರ ಅಂಗಳದ ಬದಿಯಲ್ಲಿ ಕಾಣುವವರು ಮ್ಯಾನೇಜರ್. ಗೆದ್ದರೆ ಅವರಿಗೆ ಹಾರ, ಸೋತರೆ ಅವರಿಗೇ ಧಿಕ್ಕಾರ ಎಂಬ ಲೆಕ್ಕ ಅಂದಿನಿಂದ ಗಟ್ಟಿಯಾಯಿತು.

ಬಸ್ಬಿಯ ನೆರಳು

1958ರ ಫೆಬ್ರುವರಿ 6ರಂದು ಮ್ಯೂನಿಕ್ ವಿಮಾನ ದುರಂತದಲ್ಲಿ ಯುನೈಟೆಡ್‌ನ ಎಂಟು ಆಟಗಾರರೂ ಸೇರಿ 23 ಮಂದಿ ಸತ್ತರು. ಬಸ್ಬಿ ಸಾವಿನ ದವಡೆಯಿಂದ ಪಾರಾದರು. ಹತ್ತು ವರ್ಷಗಳ ನಂತರ, 1968ರಲ್ಲಿ, ಹೊಸದಾಗಿ ಕಟ್ಟಿದ ತಂಡ ಬೆನ್‌ಫಿಕಾವನ್ನು 4–1ರಿಂದ ಸೋಲಿಸಿ ಯುರೋಪಿಯನ್ ಕಪ್ ಗೆದ್ದಿತು. ಮರುವರ್ಷ ಬಸ್ಬಿ ನಿವೃತ್ತರಾದರು.

ಇಂಥವರ ಜಾಗಕ್ಕೆ ಯಾರನ್ನು ತರುವುದು? ಮೊದಲು ಬಂದವರು ಕ್ಲಬ್ಬಿನಲ್ಲೇ ಬೆಳೆದ ವಿಲ್ಫ್ ಮೆಕ್‌ಗಿನ್ನೆಸ್. ವಯಸ್ಸು 31. ಬಸ್ಬಿ ಜನರಲ್ ಮ್ಯಾನೇಜರ್ ಆಗಿ ಅದೇ ಕಟ್ಟಡದಲ್ಲಿ ಉಳಿದಿದ್ದರು. 1970ರ ಡಿಸೆಂಬರ್‌ನಲ್ಲಿ ಮೆಕ್‌ಗಿನ್ನೆಸ್ ಅವರನ್ನು ಇಳಿಸಲಾಯಿತು; ಬಸ್ಬಿಯವರೇ ತಾತ್ಕಾಲಿಕವಾಗಿ ಮರಳಿದರು. ನಂತರ ಬಂದ ಫ್ರಾಂಕ್ ಓಫ್ಯಾರೆಲ್ 1972ರ ಡಿಸೆಂಬರ್‌ನಲ್ಲಿ, ಕ್ರಿಸ್ಟಲ್ ಪ್ಯಾಲೇಸ್ ಎದುರು 5–0 ಸೋಲಿನ ಬೆನ್ನಿಗೇ, ಮನೆಗೆ ಹೋದರು.

ಆಮೇಲೆ ಬಂದ ಟಾಮಿ ಡಾಕರ್ಟಿ ಕಾಲದಲ್ಲಿ, 1974ರಲ್ಲಿ, ತಂಡ ಎರಡನೇ ಡಿವಿಷನ್‌ಗೆ ಕುಸಿಯಿತು. ಆದರೂ ಅವರನ್ನು ತೆಗೆಯಲಿಲ್ಲ. ಮರುವರ್ಷವೇ ತಂಡ ಆ ಡಿವಿಷನ್ ಗೆದ್ದು ಮೇಲೆ ಬಂತು; 1977ರಲ್ಲಿ ಎಫ್.ಎ. ಕಪ್ ಗೆದ್ದಿತು. ಅವರ ಉತ್ತರಾಧಿಕಾರಿ ಡೇವ್ ಸೆಕ್ಸ್‌ಟನ್ ಕತೆ ಇದಕ್ಕೆ ತದ್ವಿರುದ್ಧ. 1981ರಲ್ಲಿ ಸತತ ಏಳು ಪಂದ್ಯ ಗೆದ್ದು ಋತು ಮುಗಿಸಿದರೂ ಕೆಲಸ ಹೋಯಿತು. ಆಟ ಸಪ್ಪೆ ಎಂಬುದು ಅವರ ಮೇಲಿದ್ದ ದೂರು. ಮುಂದಿನವರು ರಾನ್ ಅಟ್ಕಿನ್‌ಸನ್. ಎರಡು ಸಲ ಎಫ್.ಎ. ಕಪ್ ಗೆದ್ದರೂ ಲೀಗ್ ಪ್ರಶಸ್ತಿ ಕೈಗೆಟುಕಲಿಲ್ಲ. 1986ರ ನವೆಂಬರ್‌ನಲ್ಲಿ ಅವರೂ ಹೊರಟರು. ಬಸ್ಬಿ ಇಳಿದ ಮೇಲಿನ 17 ವರ್ಷಗಳಲ್ಲಿ ಐದು ಮಂದಿ. ಒಬ್ಬೊಬ್ಬರೂ ಹೋದಾಗ ಮುಂದಿನವರು ಯಾರು ಎಂಬ ಚರ್ಚೆ ಊರಿಡೀ ನಡೆದಿತ್ತು.

ಡರ್ಬಿಯ ಪಾಠ

ಅಭಿಮಾನಿಗಳು ಯಾವಾಗಲೂ ‘ತೆಗೆಯಿರಿ’ ಎಂದೇ ಕೂಗುತ್ತಾರೆ ಎನ್ನುವಂತಿಲ್ಲ. 1972ರಲ್ಲಿ ಡರ್ಬಿ ಕೌಂಟಿ ಎಂಬ ಸಣ್ಣ ಊರಿನ ಕ್ಲಬ್ಬನ್ನು ಲೀಗ್ ಚಾಂಪಿಯನ್ ಮಾಡಿದ್ದ ಬ್ರಯನ್ ಕ್ಲಫ್, ಆಡಳಿತ ಮಂಡಳಿಯೊಂದಿಗೆ ಜಗಳವಾಡಿ 1973ರ ಅಕ್ಟೋಬರ್‌ನಲ್ಲಿ ರಾಜೀನಾಮೆ ಕೊಟ್ಟರು. ಅವರನ್ನು ಮರಳಿ ಕರೆಸಬೇಕೆಂದು ಊರಿನ ಜನ ಚಳವಳಿ ಹೂಡಿದರು, ಮೆರವಣಿಗೆ ನಡೆಸಿದರು. ಆಟಗಾರರೂ ಬಂಡಾಯವೆದ್ದರು. ಮಂಡಳಿ ಮಣಿಯಲಿಲ್ಲ, ಕ್ಲಬ್ಬಿನ ಮಾಜಿ ನಾಯಕ ಡೇವ್ ಮೆಕ್ಕೆಯವರನ್ನು ನೇಮಿಸಿತು.

ಅಭಿಮಾನಿಗಳಿಗೆ ಬೇಡವಾಗಿದ್ದ ಮೆಕ್ಕೆ 1975ರಲ್ಲಿ ಡರ್ಬಿಗೆ ಮತ್ತೊಮ್ಮೆ ಲೀಗ್ ಪ್ರಶಸ್ತಿ ತಂದರು. ಹಾಗೆಂದು ಅಭಿಮಾನಿಗಳು ಕ್ಲಫ್ ಅವರನ್ನು ತಪ್ಪಾಗಿ ಅಳೆದಿದ್ದರೆ? ಅದೂ ಇಲ್ಲ. ಲೀಡ್ಸ್ ಕ್ಲಬ್ಬಿನಲ್ಲಿ ಕೇವಲ 44 ದಿನ ಉಳಿದ ಕ್ಲಫ್, 1975ರಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಸೇರಿ, 1979 ಮತ್ತು 1980ರಲ್ಲಿ ಸತತವಾಗಿ ಯುರೋಪಿಯನ್ ಕಪ್ ಗೆದ್ದರು. ಡರ್ಬಿಯ ಜನರೂ ಸರಿ, ಮಂಡಳಿಯೂ ಸರಿ ಎನ್ನುವಂತಹ ವಿಚಿತ್ರ ತೀರ್ಪನ್ನು ಕಾಲ ಕೊಟ್ಟಿತು.

ಕಂಡದ್ದು, ಕಾಣದ್ದು

ಫರ್ಗುಸನ್ ಮ್ಯಾಂಚೆಸ್ಟರ್‌ಗೆ ಬಂದದ್ದು 1986ರ ನವೆಂಬರ್ 6ರಂದು. ಸ್ಕಾಟ್ಲೆಂಡಿನ ಅಬರ್ಡೀನ್ ತಂಡದೊಂದಿಗೆ 1983ರಲ್ಲಿ ರಿಯಲ್ ಮ್ಯಾಡ್ರಿಡ್ಡನ್ನು ಮಣಿಸಿ ಕಪ್ ವಿನ್ನರ್ಸ್ ಕಪ್ ಗೆದ್ದ ಖ್ಯಾತಿ ಬೆನ್ನಿಗಿತ್ತು. ಯುನೈಟೆಡ್ 1988ರಲ್ಲಿ ಎರಡನೇ ಸ್ಥಾನಕ್ಕೇರಿತು. ಮರುವರ್ಷ ಹನ್ನೊಂದಕ್ಕೆ ಇಳಿಯಿತು. 1989ರಲ್ಲಿ ಗ್ಯಾರಿ ಪಾಲಿಸ್ಟರ್ ಒಬ್ಬರಿಗೇ 23 ಲಕ್ಷ ಪೌಂಡು ಸುರಿಯಲಾಯಿತು. ಪಾಲ್ ಇನ್ಸ್, ನೀಲ್ ವೆಬ್, ಡ್ಯಾನಿ ವ್ಯಾಲೇಸ್ ಕೂಡ ಬಂದರು. ಇಷ್ಟಾಗಿಯೂ ಸೆಪ್ಟೆಂಬರ್ 23ರಂದು ಊರಿನ ಎದುರಾಳಿ ಮ್ಯಾಂಚೆಸ್ಟರ್ ಸಿಟಿ 5–1ರಿಂದ ಬಡಿದು ಹಾಕಿತು. ಡಿಸೆಂಬರ್ ತಿಂಗಳಿಡೀ ಒಂದೂ ಲೀಗ್ ಪಂದ್ಯದಲ್ಲಿ ಗೆಲುವಿಲ್ಲ.

ಅಭಿಮಾನಿಗಳೇ ಬರೆದು, ಅಚ್ಚು ಹಾಕಿಸಿ, ಕ್ರೀಡಾಂಗಣದ ಹೊರಗೆ ಮಾರುತ್ತಿದ್ದ ಸಣ್ಣ ಪತ್ರಿಕೆಗಳು ಆಗ ತಾನೇ ಹುಟ್ಟಿಕೊಂಡಿದ್ದವು. ‘ರೆಡ್ ನ್ಯೂಸ್’ 1987ರಲ್ಲಿ, ‘ರೆಡ್ ಇಶ್ಯೂ’ ಮತ್ತು ‘ಯುನೈಟೆಡ್ ವಿ ಸ್ಟ್ಯಾಂಡ್’ 1989ರಲ್ಲಿ ಶುರುವಾದವು. ಗ್ಯಾಲರಿಯ ಗೊಣಗಾಟಕ್ಕೆ ಮೊದಲ ಬಾರಿ ಅಚ್ಚಿನ ರೂಪ ಸಿಕ್ಕಿತು.

ಅವರ ಸಿಟ್ಟು ಅವಿವೇಕವೇನೂ ಆಗಿರಲಿಲ್ಲ. ಮೂರು ವರ್ಷ, ಅಪಾರ ಹಣ, ಕೆಳಗಿಳಿಯುತ್ತಿರುವ ಸ್ಥಾನ. ಟಿಕೆಟ್ ಕೊಂಡವರಿಗೆ ಕಾಣುತ್ತಿದ್ದದ್ದು ಇಷ್ಟೇ. ಕಾಣದ ಕೆಲಸ ಬೇರೆ ಇತ್ತು. ಫರ್ಗುಸನ್ ಬಂದೊಡನೆ ಹುಡುಗರನ್ನು ಹುಡುಕುವ ವ್ಯವಸ್ಥೆಯನ್ನೇ ಬದಲಿಸಿದ್ದರು. ಮ್ಯಾಂಚೆಸ್ಟರ್ ಸಿಟಿಯ ಶಿಬಿರದಲ್ಲಿ ಆಡುತ್ತಿದ್ದ ರಯನ್ ಗಿಗ್ಸ್ ಎಂಬ ಬಾಲಕನ 14ನೇ ಹುಟ್ಟುಹಬ್ಬದ ದಿನ, 1987ರ ನವೆಂಬರ್ 29ರಂದು, ಖುದ್ದು ಮನೆಗೆ ಹೋಗಿ ಅವನನ್ನು ಕ್ಲಬ್ಬಿಗೆ ಸೇರಿಸಿಕೊಂಡಿದ್ದರು. 1992ರಲ್ಲಿ ಯುವಕರ ಕಪ್ ಗೆದ್ದ ತಂಡದಲ್ಲಿ ಗಿಗ್ಸ್ ಜೊತೆಗೆ ಡೇವಿಡ್ ಬೆಕಮ್, ನಿಕಿ ಬಟ್, ಗ್ಯಾರಿ ನೆವಿಲ್ ಇದ್ದರು. 1989ರ ಡಿಸೆಂಬರ್‌ನಲ್ಲಿ ಈ ಹೆಸರುಗಳು ಲೀಗ್ ಪಟ್ಟಿಯಲ್ಲಿ ಕಾಣುವಂಥವಲ್ಲ.

1990ರ ಜನವರಿ 7ರಂದು ಎಫ್.ಎ. ಕಪ್ಪಿನ ಮೂರನೇ ಸುತ್ತಿನಲ್ಲಿ ಕ್ಲಫ್ ಅವರ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಎದುರಾಯಿತು. ಸೋತರೆ ಫರ್ಗುಸನ್ ಕತೆ ಮುಗಿಯಿತೆಂದೇ ಪತ್ರಿಕೆಗಳು ಬರೆದವು. ಇಪ್ಪತ್ತು ವರ್ಷದ ಮಾರ್ಕ್ ರಾಬಿನ್ಸ್ ಹೊಡೆದ ಏಕೈಕ ಗೋಲಿನಿಂದ ಯುನೈಟೆಡ್ ಗೆದ್ದಿತು. ಸೋತಿದ್ದರೂ ಅವರನ್ನು ತೆಗೆಯುವ ವಿಚಾರವಿರಲಿಲ್ಲ ಎಂದು ಅಧ್ಯಕ್ಷ ಮಾರ್ಟಿನ್ ಎಡ್ವರ್ಡ್ಸ್ ಆಮೇಲೆ ಹೇಳಿದರು. ಮೇ ತಿಂಗಳಲ್ಲಿ ಫೈನಲಿಗೆ ಎದುರಾದದ್ದು ಅದೇ ಕ್ರಿಸ್ಟಲ್ ಪ್ಯಾಲೇಸ್. 3–3 ಸಮವಾಗಿ, ಮರುಪಂದ್ಯದಲ್ಲಿ 1–0 ಗೆಲುವು. 1993ರಲ್ಲಿ 26 ವರ್ಷಗಳ ನಂತರ ಲೀಗ್ ಪ್ರಶಸ್ತಿಯೂ ಬಂತು.

ತಾಳ್ಮೆಯೂ ಸೋತಾಗ

2013ರ ಮೇ ತಿಂಗಳಲ್ಲಿ ನಿವೃತ್ತರಾದ ಫರ್ಗುಸನ್, ಹೊಸ ಮ್ಯಾನೇಜರ್ ಬೆನ್ನಿಗೆ ನಿಲ್ಲುವುದೇ ನಿಮ್ಮ ಕೆಲಸ ಎಂದು ಗ್ಯಾಲರಿಗೆ ಹೇಳಿ ಹೋದರು. ಡೇವಿಡ್ ಮಾಯ್ಸ್ ಅವರಿಗೆ ಆರು ವರ್ಷದ ಒಪ್ಪಂದ. ‘ಆರಿಸಲ್ಪಟ್ಟವನು’ ಎಂಬ ಬ್ಯಾನರನ್ನು ಅಭಿಮಾನಿಗಳೇ ಕಟ್ಟಿದರು. ತಿಂಗಳುಗಟ್ಟಲೆ ಸೋಲು ನುಂಗಿದರು. ಕೊನೆಗೆ 2014ರ ಮಾರ್ಚ್‌ನಲ್ಲಿ ಮಾಯ್ಸ್ ತೊಲಗಲಿ ಎಂಬ ಬರಹ ಹೊತ್ತ ಬಾಡಿಗೆ ವಿಮಾನವೊಂದು ಕ್ರೀಡಾಂಗಣದ ಮೇಲೆ ಹಾರಿತು. ಗ್ಯಾಲರಿಯ ಹಲವರಿಗೆ ಅದೂ ಸರಿ ಕಾಣಲಿಲ್ಲ. ಏಪ್ರಿಲ್ 22ರಂದು ಮಂಡಳಿಯೇ ಅವರನ್ನು ತೆಗೆಯಿತು.

ಅಭಿಮಾನಿಗಳ ಆಯ್ಕೆಯೇ ನಡೆದ ಉದಾಹರಣೆಯೂ ಇದೆ. 1999ರ ಚಾಂಪಿಯನ್ಸ್ ಲೀಗ್ ಫೈನಲಿನಲ್ಲಿ ಗೆಲುವಿನ ಗೋಲು ಹೊಡೆದಿದ್ದ ಓಲೆ ಗುನ್ನಾರ್ ಸೋಲ್‌ಷೇರ್ 2018ರ ಡಿಸೆಂಬರ್‌ನಲ್ಲಿ ತಾತ್ಕಾಲಿಕವಾಗಿ ಬಂದರು. 19 ಪಂದ್ಯಗಳಲ್ಲಿ 14 ಗೆದ್ದಾಗ ಅವರನ್ನೇ ಕಾಯಂ ಮಾಡಿ ಎಂಬ ಕೂಗೆದ್ದಿತು. ಕ್ಲಬ್ಬು ಹಾಗೇ ಮಾಡಿತು. 2021ರಲ್ಲಿ ತಂಡ ಲೀಗಿನಲ್ಲಿ ಎರಡನೇ ಸ್ಥಾನಕ್ಕೂ ಬಂತು. ಆದರೆ ಅದೇ ವರ್ಷ ಲಿವರ್‌ಪೂಲ್ ಎದುರು ಸ್ವಂತ ಅಂಗಳದಲ್ಲಿ 5–0, ವಾಟ್‌ಫರ್ಡ್ ಎದುರು 4–1 ಸೋಲು; ನವೆಂಬರ್‌ನಲ್ಲಿ ಅವರೂ ನಿರ್ಗಮಿಸಿದರು. ಎರಿಕ್ ಟೆನ್ ಹಾಗ್ 2024ರ ಮೇ ತಿಂಗಳಲ್ಲಿ ಎಫ್.ಎ. ಕಪ್ ಗೆದ್ದು, ಒಪ್ಪಂದ ವಿಸ್ತರಿಸಿಕೊಂಡು, ಅಕ್ಟೋಬರ್‌ನಲ್ಲೇ ಕೆಲಸ ಕಳೆದುಕೊಂಡರು. ಫರ್ಗುಸನ್ ನಂತರದ 11 ವರ್ಷಗಳಲ್ಲಿ, ತಾತ್ಕಾಲಿಕ ಮ್ಯಾನೇಜರುಗಳನ್ನು ಬಿಟ್ಟು, ಹೀಗೆ ಹೋದವರು ಐದು ಮಂದಿ. ಬಸ್ಬಿಯ ನಂತರವೂ ಐದೇ.

ಮತವಿಲ್ಲದ ಮತದಾರರು

ಮ್ಯಾನೇಜರ್ ಬದಲಾಗುತ್ತಿದ್ದ ಈ ಕಾಲದಲ್ಲೇ ಮಾಲೀಕರೂ ಬದಲಾದರು. 1989ರಲ್ಲಿ ಮೈಕೆಲ್ ನೈಟನ್ ಎಂಬ ಉದ್ಯಮಿ ಎರಡು ಕೋಟಿ ಪೌಂಡಿಗೆ ಕ್ಲಬ್ಬು ಕೊಳ್ಳಲು ಬಂದು, ಅಂಗಳದಲ್ಲಿ ಚೆಂಡು ಕುಣಿಸಿ ತೋರಿಸಿ, ಹಣ ಹೊಂದಿಸಲಾಗದೆ ಹಿಂದೆ ಸರಿದರು. 1998ರಲ್ಲಿ ಬಿಸ್ಕೈಬಿ ಟಿ.ವಿ. ಸಂಸ್ಥೆ 62.3 ಕೋಟಿ ಪೌಂಡಿಗೆ ಬೇಡಿಕೆಯಿಟ್ಟಿತು. ಅಭಿಮಾನಿಗಳು ಸಂಘಟಿತರಾಗಿ ವಿರೋಧಿಸಿದರು; ಸರ್ಕಾರ 1999ರಲ್ಲಿ ಅದನ್ನು ತಡೆಯಿತು. 2005ರಲ್ಲಿ ಅಮೆರಿಕದ ಗ್ಲೇಜರ್ ಕುಟುಂಬ ಸುಮಾರು 79 ಕೋಟಿ ಪೌಂಡಿಗೆ, ಅದರಲ್ಲಿ ಬಹುಪಾಲು ಸಾಲ ಮಾಡಿ, ಕೊಂಡಾಗ ತಡೆಯಲಾಗಲಿಲ್ಲ.

ಮ್ಯಾನೇಜರನ್ನು ತೆಗೆಯಿರಿ ಎಂದು ಕೂಗಬಹುದು, ಮಾಲೀಕನನ್ನು ತೆಗೆಯುವವರು ಯಾರು? ಈ ಅಸಹಾಯಕತೆಯೇ ಎಷ್ಟೋ ಸಲ ಮ್ಯಾನೇಜರ್ ಮೇಲಿನ ಸಿಟ್ಟಾಗಿ ಹೊರಬರುತ್ತದೆ. ಜೀವಮಾನವಿಡೀ ಕ್ಲಬ್ಬು ಬದಲಿಸದ ಅಭಿಮಾನಿ, ಅಂಗಡಿ ಬದಲಿಸುವ ಗಿರಾಕಿಯಲ್ಲ. ಆದರೂ ಅವನ ಕೈಯಲ್ಲಿ ಮತವಿಲ್ಲ. 2025ರಲ್ಲಿ ಬ್ರಿಟನ್ ಜಾರಿಗೆ ತಂದ ಫುಟ್‌ಬಾಲ್ ಆಡಳಿತ ಕಾಯ್ದೆ, ಕ್ಲಬ್ಬುಗಳು ಟಿಕೆಟ್ ದರ, ಲಾಂಛನದಂಥ ವಿಷಯಗಳಲ್ಲಿ ಅಭಿಮಾನಿಗಳನ್ನು ಕೇಳಬೇಕು ಎನ್ನುತ್ತದೆ. ಮ್ಯಾನೇಜರ್ ನೇಮಕ ಆ ಪಟ್ಟಿಯಲ್ಲಿಲ್ಲ.

ಗ್ಲೇಜರ್ ಖರೀದಿಯಿಂದ ಬೇಸತ್ತ ಕೆಲವರು 2005ರಲ್ಲೇ ‘ಎಫ್.ಸಿ. ಯುನೈಟೆಡ್ ಆಫ್ ಮ್ಯಾಂಚೆಸ್ಟರ್’ ಎಂಬ ತಮ್ಮದೇ ಕ್ಲಬ್ಬು ಕಟ್ಟಿದರು. ಅಲ್ಲಿ ಒಬ್ಬ ಸದಸ್ಯನಿಗೆ ಒಂದೇ ಮತ. ಎಷ್ಟು ಹಣ ಹಾಕಿದರೂ ಅಷ್ಟೇ. ಮ್ಯಾನೇಜರನ್ನು ನೇಮಿಸುವ ಮಂಡಳಿಯನ್ನು ಆರಿಸುವವರು ಅವರೇ. ಮೊದಲ ಮ್ಯಾನೇಜರ್ ಕಾರ್ಲ್ ಮಾರ್ಜಿನ್‌ಸನ್ ಸತತ ಮೂರು ವರ್ಷ ಬಡ್ತಿ ತಂದರು. ಆಮೇಲೆ ಬಡ್ತಿಯಿಲ್ಲದ ವರ್ಷಗಳೂ ಬಂದವು. ಆದರೂ ಅವರು ಹುದ್ದೆ ಬಿಟ್ಟದ್ದು 2017ರಲ್ಲಿ, ಹನ್ನೆರಡು ವರ್ಷಗಳ ನಂತರ. ಅದೇ ಹನ್ನೆರಡು ವರ್ಷಗಳಲ್ಲಿ ಓಲ್ಡ್ ಟ್ರ್ಯಾಫರ್ಡ್‌ನಲ್ಲಿ ಫರ್ಗುಸನ್ ನಿವೃತ್ತರಾಗಿ, ಮಾಯ್ಸ್ ಬಂದು ಹೋಗಿ, ಲೂಯಿ ವಾನ್ ಗಾಲ್ ಬಂದು ಹೋಗಿ, ಜೋಸೆ ಮೌರಿನ್ಯೊ ಎರಡನೇ ವರ್ಷಕ್ಕೆ ಕಾಲಿಟ್ಟಿದ್ದರು.